ಕೂದ್ಲೋರ ಹೊಸ ಕ್ಯಾಸೆಟ್ಟು

ಮುದ್ದೆಯನ್ನು ತಟ್ಟೆಗೆ ಹಾಕಿ ಪುಟ್ಟಗಂಗಮ್ಮ ಮಗನನ್ನು ಕೂಗಿದಳು. ಬರಲಿಲ್ಲ. ಸಾರು ಬಿಟ್ಟು ಮತ್ತೆ ಕೂಗಿದಳು. ಆಗಲೂ ಬರಲಿಲ್ಲ. ನಡುಮನೆಯಲ್ಲಿ ಟೇಪ್ ರೆಕಾರ್ಡರ್ ಅರಚುತ್ತಿತ್ತು. ಗೂಡಿನಲ್ಲಿ ಕವುಚಿಟ್ಟಿದ್ದ ಲೋಟಗಳು ಅದರ ಜೊತೆಗೇ ಕಿಣಿಕಿಣಿ ಅನ್ನುತ್ತಿದ್ದವು. ಇನ್ನೊಂದು ಸಲ ಅವಳು ಕೂಗಲಿಲ್ಲ. ಸೌಟು ಹಿಡಿದುಕೊಂಡೇ ಹೋಗಿ ಪ್ಲಗ್ಗು ಕಿತ್ತು ಬಿಸಾಡಿದಳು.

"ಏನ್ಲಾ, ಕಿವೀನ ಎಲ್ಲಾದ್ರೂ ಅಡ ಇಟ್ಟು ಬಂದಿದೀಯಾ? ಮುದ್ದೆ ಆರಿ ಕಲ್ಲಾಯ್ತು!"

ರಂಗಧಾಮ ತಲೆಯೆತ್ತಿ ನೋಡಿದ. "ಕರೆದ್ಯಾ? ಕೇಳಿಸ್ಲಿಲ್ಲ ಕಣವ್ವ."

"ಹೆಂಗ್ ಕೇಳಿಸ್ತದೆ? ಆ ಕೂದ್ಲೋರು ನಿನ್ ಕಿವಿಯೊಳಗೆ ಗೂಟ ಹೊಡ್ಕೊಂಡು ಕುಂತವ್ರಲ್ಲ!"

ಕೂದ್ಲೋರು ಅಂದರೆ ಇಂಗ್ಲೆಂಡಿನ ಒಂದು ಬ್ಯಾಂಡಿನವರು. ಬೆನ್ನು ಮುಚ್ಚುವಷ್ಟು ಕೂದಲು ಬಿಟ್ಟ ಗಂಡಸರು. ರೆಡ್ ಫೌಂಡ್ರಿ ಅನ್ನುವುದು ಆ ಬ್ಯಾಂಡಿನ ಹೆಸರು, ಹೆವಿ ಮೆಟಲ್ ಅನ್ನುವುದು ಆ ಸಂಗೀತದ ಜಾತಿ. ಅಷ್ಟೆಲ್ಲ ಹೇಳುವ ವ್ಯವಧಾನ ಪುಟ್ಟಗಂಗಮ್ಮನಿಗೆ ಇರಲಿಲ್ಲ. ಕ್ಯಾಸೆಟ್ಟಿನ ಮೇಲಿನ ಚಿತ್ರ ಒಮ್ಮೆ ನೋಡಿದ್ದಳು. ಅವತ್ತಿನಿಂದ ಮನೆಯವರ ಬಾಯಲ್ಲಿ ಅವರು ಕೂದ್ಲೋರು.

ಅದು ಎಂಬತ್ತೇಳನೇ ಇಸವಿ, ಗಣೇಶನ ಹಬ್ಬ ಕಳೆದ ಮೇಲಿನ ಮಾತು. ತುಮಕೂರಿನ ಬಟವಾಡಿಯಲ್ಲಿ ಬಾಡಿಗೆ ಮನೆ. ಗಂಡ ವೆಂಕಟರಂಗಯ್ಯ ಕುಣಿಗಲ್ ಲೈನಿನ ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರ್. ಬಸ್‌ಸ್ಟ್ಯಾಂಡಿನಲ್ಲಿ ಕೂಗಿ ಕೂಗಿ ಮನೆಗೆ ಬಂದರೆ ಬಾಯಿ ಬಿಡದ ಮನುಷ್ಯ. ಮಾವ ದೊಡ್ಡರಂಗಯ್ಯ ಸಿ.ಎಸ್. ಪುರದ ಹೊಲ ಇನ್ನೊಬ್ಬರಿಗೆ ಅರ್ಧ ಬೆಳೆಯ ವಾರಕ್ಕೆ ಕೊಟ್ಟು ಬಂದು, ಜಗುಲಿಯ ಮೇಲೆ ಕಂಬಳಿ ಹಾಸಿ ಕೂತವನು. ಕಿವಿ ಮಂದ, ನಾಲಿಗೆ ಚುರುಕು. ಮಗಳು ಜಲಜ ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ಮಗ ರಂಗಧಾಮ ಐಟಿಐ ಓದಿ ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಪವರ್ ಪ್ರೆಸ್ ಓಡಿಸುತ್ತಿದ್ದ. ಮೋಟಾರಿಗೆ ಹಾಕುವ ತಗಡಿನ ಬಿಲ್ಲೆ ಕತ್ತರಿಸುವ ಮಿಷನ್ನು. ಇನ್ನೂ ಟ್ರೈನಿಂಗು. ಸಂಕ್ರಾಂತಿ ಹೊತ್ತಿಗೆ ಪರ್ಮನೆಂಟ್ ಆಗುವ ಮಾತಿತ್ತು.

ಆ ಕೆಲಸ ಕೊಡಿಸಿದವಳು ಪುಟ್ಟಗಂಗಮ್ಮನೇ. ಊರಿನ ಹೆಸರುಕಾಳು, ತೆಂಗಿನಕಾಯಿ ಹೊತ್ತುಕೊಂಡು ಮ್ಯಾನೇಜರ ಮನೆಗೆ ಅಲೆದಿದ್ದಳು. ಅವರ ಹೆಂಡತಿ ಬಾಗಿಲು ತೆಗೆಯುವವರೆಗೆ ಗೇಟಿನ ಹತ್ತಿರ ನಿಂತಿದ್ದಳು. ಅದನ್ನು ಅವಳು ಮರೆತಿರಲಿಲ್ಲ, ಮನೆಯಲ್ಲಿ ಬೇರೆ ಯಾರಿಗೂ ಮರೆಯಲು ಬಿಟ್ಟಿರಲಿಲ್ಲ.

ರಂಗಧಾಮ ಮುದ್ದೆ ಮುರಿಯುತ್ತ ತಂಗಿಗೆ ಹೇಳಿದ. "ದೀಪಾವಳಿ ಹೊತ್ಗೆ ಹೊಸಾದು ಬರ್ತದಂತೆ ಕಣೇ ಜಲಜಾ. ಸುಬ್ಬಣ್ಣನ ಅಂಗ್ಡೀಲಿ ಖಾಲಿ ಕ್ಯಾಸೆಟ್ ಕೊಟ್ಟು ಹೆಸ್ರು ಬರ್ಸಿದೀನಿ. ನಂದೇ ಮೊದ್ಲು."

ಎಂ.ಜಿ. ರೋಡಿನಲ್ಲಿ ಸುಬ್ಬಕೃಷ್ಣನ ರೆಕಾರ್ಡಿಂಗ್ ಅಂಗಡಿ. ಬೆಂಗಳೂರಿನಿಂದ ಎಲ್‌ಪಿ ತಟ್ಟೆ ತರಿಸಿ, ಗಿರಾಕಿಗಳು ಕೊಟ್ಟ ಖಾಲಿ ಕ್ಯಾಸೆಟ್ಟಿಗೆ ಸರದಿ ಪ್ರಕಾರ ತುಂಬಿಕೊಡುತ್ತಿದ್ದ. ಕೂದ್ಲೋರ ಭಕ್ತರು ಊರಿನಲ್ಲಿ ಒಂದು ಹಿಡಿ ಜನ. ಇಂಜಿನಿಯರಿಂಗ್ ಹಾಸ್ಟೆಲಿನ ಹುಡುಗರು, ಗುಬ್ಬಿಯಿಂದ ರೈಲಿನಲ್ಲಿ ಬರುವ ಕೊಬ್ಬರಿ ಮಂಡಿಯ ಬೋರ, ರಂಗಧಾಮ. ಭಾನುವಾರ ಬಂತೆಂದರೆ ಆ ಅಂಗಡಿಯ ಕಟ್ಟೆ ಮೇಲೆ ಪಂಚಾಯ್ತಿ. ಪಂಚಾಯ್ತಿಯ ವಿಷಯ ಒಂದೇ. ಬ್ಯಾಂಡಿನ ಹಾಡುಗಾರನಿಗೆ ವಯಸ್ಸಾಗಿತ್ತು, ಹುಡುಗರು ಅವನನ್ನು ತಾತ ಅನ್ನುತ್ತಿದ್ದರು. ಗಂಟಲಿಗೆ ಆಪರೇಷನ್ ಆಗಿ ತಾತ ವರ್ಷಗಟ್ಟಲೆ ಹಾಡಿರಲಿಲ್ಲ. ಈಗ ಮತ್ತೆ ಹಾಡಿದ್ದಾನೆ ಅಂತ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಬಂದಿತ್ತು. ತಾತನ ಆ ಹಳೇ ಕೂಗು ಉಳಿದಿದೆಯೋ ಇಲ್ಲವೋ? ಹೋಗಿದೆ ಅಂತ ಬೋರ. ಉಳಿದಿದೆ ಅಂತ ರಂಗಧಾಮ.

"ಎಂಥ ಕೂಗು ಗೊತ್ತಾ ಜಲಜಾ?" ಅಂದ ರಂಗಧಾಮ. "ಮೊದ್ಲು ಕೇಳ್ದಾಗ ಮೈ ಜುಮ್ ಅಂದಿತ್ತು. ಈಗ ಹಳೇ ಕ್ಯಾಸೆಟ್ಟೆಲ್ಲ ಸವೆದೋಗವೆ. ತಾತ ಗೋಡೆ ಆಚೆ ನಿಂತು ಕೂಗ್ದಂಗೆ ಕೇಳ್ತದೆ."

ಜಲಜ ಹುಬ್ಬೇರಿಸಿದಳು. "ನಂಗೇನೋ ಚೆನ್ನಾಗೇ ಕೇಳ್ತದಪ್ಪ. ಕಿವಿ ಕಿತ್ತೋಗಂಗೆ."

"ನಿಂಗೇನ್ ಗೊತ್ತು ಬುಡೇ. ಟೇಪಿನ ಹೆಡ್ಡಲ್ಲಿ ಧೂಳು ಕುಂತೈತೆ ಅಷ್ಟೆ." ಊಟ ಮುಗಿಸಿ ಎದ್ದು, ಅವ್ವ ದೇವರ ಬತ್ತಿಗೆ ಇಟ್ಟಿದ್ದ ಹತ್ತಿ ಚೂರು ಕಿತ್ತು, ಸ್ಪಿರಿಟ್ಟಿನಲ್ಲಿ ಅದ್ದಿ ಟೇಪ್ ರೆಕಾರ್ಡರಿನ ಬಾಯಿ ಒರೆಸಲು ಕೂತ.

"ದೇವ್ರ ಹತ್ತಿ ಮುಟ್ಬೇಡ ಅಂತ ಎಷ್ಟ್ ಸಲ ಹೇಳ್ಲಿ!" ಅಂತ ಪುಟ್ಟಗಂಗಮ್ಮ ಒಳಗಿನಿಂದ ಚೀರಿದಳು. ಅವನು ತಿರುಗಲಿಲ್ಲ. ಕೊಬ್ಬು ಅಂದುಕೊಂಡಳು.

*

ಮುಂದಿನ ವಾರ ನಿಟ್ಟೂರಿನವರು ಜಲಜಳನ್ನು ನೋಡಲು ಬಂದರು. ಹುಡುಗ ಸೊಸೈಟಿಯಲ್ಲಿ ಕೆಲಸದಲ್ಲಿದ್ದ. ಒಳ್ಳೆಯ ಜನ. ಉಪ್ಪಿಟ್ಟು, ಕೇಸರಿಬಾತು ಆಯಿತು. ಹುಡುಗನ ತಂದೆ ಚಿಕ್ಕಮಾರಯ್ಯ ಕಾಫಿ ಹೀರುತ್ತ ರಂಗಧಾಮನ ಕಡೆ ತಿರುಗಿದರು.

"ಏನಪ್ಪ, ನಿಮ್ ಕಾರ್ಖಾನೇಲಿ ಪರ್ಮನೆಂಟ್ ಯಾವಾಗ?"

ರಂಗಧಾಮ ನಕ್ಕು ತಲೆಯಾಡಿಸಿದ. "ಹೂಂ, ಹೂಂ."

"ಅಲ್ಲಪ್ಪ, ಯಾವಾಗ ಅಂದೆ."

"ಹೂಂ, ಚೆನ್ನಾಗಿದೆ," ಅಂದ ರಂಗಧಾಮ, ಕೇಸರಿಬಾತಿನ ತಟ್ಟೆ ನೋಡುತ್ತ.

ಜಗುಲಿಯಿಂದ ದೊಡ್ಡರಂಗಯ್ಯ ನಕ್ಕುಬಿಟ್ಟ. ಬೇರೆ ಯಾರೂ ನಗಲಿಲ್ಲ. ಹೊರಡುವಾಗ ಚಿಕ್ಕಮಾರಯ್ಯ ವೆಂಕಟರಂಗಯ್ಯನನ್ನು ಪಕ್ಕಕ್ಕೆ ಕರೆದರು. "ಹುಡುಗಿ ನಮಗೆ ಒಪ್ಪಿಗೆ. ನಿಮ್ ಮಗ ಮಾತ್ರ ಹಿರಿಯರ ಮಾತು ಕಿವಿಗೆ ಹಾಕ್ಕಳಲ್ಲ. ನಾಳೆ ನಿಮ್ ಕಾಲಾನಂತರ ತಂಗಿ ಮನೆ ಕಷ್ಟಸುಖ ನೋಡೋನು ಅವ್ನೇ ತಾನೆ? ಅವನ ಕೆಲಸ ಗಟ್ಟಿ ಆಗ್ಲಿ, ಆಮೇಲೆ ಮುಂದಿನ ಮಾತು."

ಅವರು ಬಸ್ ಹತ್ತುವುದೇ ತಡ, ಪುಟ್ಟಗಂಗಮ್ಮ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಟೇಪ್ ರೆಕಾರ್ಡರನ್ನು ಎತ್ತಿ ಟ್ರಂಕಿಗೆ ಹಾಕಿ ಬೀಗ ಜಡಿದಳು.

"ತಲೆಯೊಳಗೆ ಬರೀ ಡಬರ್ ಡಬರ್ ತುಂಬ್ಕೊಂಡವ್ನೆ! ಮನುಷ್ಯರು ಮಾತಾಡ್ಸಿದ್ರೆ ಮಂಗನಂಗೆ ಹಲ್ ಕಿರೀತಾನೆ! ಇನ್ಮೇಲೆ ಈ ಮನೇಲಿ ಹಾಡಿಲ್ಲ ಪಾಡಿಲ್ಲ."

"ಅವ್ವ, ಹೊಸ ಕ್ಯಾಸೆಟ್ ಬರೋದೈತೆ..."

"ಬರ್ಲಿ, ಉಪ್ಪಿನಕಾಯ್ ಹಾಕು! ನಿಮ್ ಫೋರ್ಮನ್ನು ಸೆಕೆಂಡ್ ಶಿಫ್ಟಿಗೂ ಜನ ಬೇಕು ಅಂತಾವ್ನೆ ಅಂದ್ಯಲ್ಲ, ಹೋಗು. ಕೈತುಂಬ ಕೆಲ್ಸ ಇದ್ರೆ ಈ ಹುಚ್ಚು ತಾನೇ ಬಿಡ್ತದೆ. ಬೇಗ ಪರ್ಮನೆಂಟೂ ಮಾಡ್ತಾರೆ."

ರಂಗಧಾಮ ಅವಳ ಬಾಯಿಯನ್ನೇ ನೋಡುತ್ತ ನಿಂತಿದ್ದ. ಕೊನೆಗೆ ಅಂದ. "ಹೋಗ್ತೀನಿ. ಹೊಸಾದು ಬಂದ್ ದಿವ್ಸ ಟೇಪ್ ರೆಕಾರ್ಡರ್ ಕೊಡ್ತೀಯಾ?"

"ಕೊಡ್ತೀನಿ ಹೋಗು."

ಮಾತಿಗೆ ತಪ್ಪದೆ ಹೋದ. ಬೆಳಿಗ್ಗೆ ಹೋದವನು ಎರಡು ಶಿಫ್ಟು ಮುಗಿಸಿ ಬರುತ್ತಿದ್ದ. ಮುಖ ಇಳಿದು ಹೋಯಿತು. ಊಟದ ಹೊತ್ತಿನ ಮಾತು ನಿಂತಿತು. ಪುಟ್ಟಗಂಗಮ್ಮನಿಗೆ ಸಮಾಧಾನವಾಯಿತು. ಹುಡುಗ ದಾರಿಗೆ ಬಂದ ಅಂದುಕೊಂಡಳು. ಗೋಡೆಯಾಚೆಯ ಅಲಮೇಲಮ್ಮ, ರಿಟೈರಾದ ಟೀಚರು, ಅವಳೂ ಬಂದು ಹೊಗಳಿದಳು. "ಏನ್ರೀ ಗಂಗಮ್ಮ, ಮನೆ ಎಷ್ಟು ಪ್ರಶಾಂತವಾಗಿದೆ ಈಗ! ನಿಮ್ಮ ಮಗನಿಗೆ ಒಳ್ಳೇ ಬುದ್ಧಿ ಬಂತು."

ಆಯುಧಪೂಜೆಗೆ ಕಾರ್ಖಾನೆಯವರು ಕೆಲಸಗಾರರ ಮನೆಯವರನ್ನೂ ಕರೆದಿದ್ದರು. ಪುಟ್ಟಗಂಗಮ್ಮ ರೇಷ್ಮೆ ಸೀರೆ ಉಟ್ಟು ಹೋದಳು. ಮಗನ ಮಿಷನ್ನಿಗೆ ಬಾಳೆಕಂದು ಕಟ್ಟಿದ್ದರು, ಚೆಂಡುಹೂವಿನ ಹಾರ ಹಾಕಿ ವಿಭೂತಿ ಕುಂಕುಮ ಬಳಿದಿದ್ದರು. ಕರೆಂಟ್ ಆಫ್ ಮಾಡಿದ್ದರಿಂದ ಶೆಡ್ಡಿನಲ್ಲಿ ಗುಬ್ಬಚ್ಚಿ ಸದ್ದೂ ಕೇಳುತ್ತಿತ್ತು. ಅಷ್ಟು ದೊಡ್ಡ ಮಿಷನ್ನು ಆರತಿಗೆ ಕೂತ ಹೆಣ್ಣಿನ ಹಾಗೆ ತೆಪ್ಪಗೆ ನಿಂತಿತ್ತು. ಪುಟ್ಟಗಂಗಮ್ಮ ಅದರ ಕಾಲಿಗೆ ಹಣೆ ಹಚ್ಚಿದಳು. "ಅನ್ನ ಕೊಡೋ ತಾಯಿ, ನನ್ ಮಗನ್ನ ಕಾಪಾಡವ್ವ," ಅಂದಳು. ಕೈಗೆ ಮೆತ್ತಿದ ಕುಂಕುಮವನ್ನು ಮಗನ ಹಣೆಗೂ ಇಟ್ಟಳು.

*

ಮೊದಲು ಬಾಯಿ ಬಿಟ್ಟವನು ದೊಡ್ಡರಂಗಯ್ಯ. ಸೊಸೆ ಜಗುಲಿಯ ಮೇಲೆ ಕಡಲೆಕಾಯಿ ಸುಲಿಯುತ್ತಿದ್ದಳು.

"ಗಂಗವ್ವ, ಹುಡುಗನ್ನ ಬೈಬೇಡ ಕಣವ್ವ. ಅವ್ನಿಗೆ ಕೇಳಿಸ್ತಿಲ್ಲ."

"ನಿಮ್ಗೆ ಕೇಳಿಸಲ್ಲ ಮಾವ. ಅವ್ನಿಗೇನ್ ಬಂದೈತೆ?"

"ನಂಗ್ ಕೇಳಿಸಲ್ಲ, ಅದ್ಕೇ ಗೊತ್ತು. ಎಲ್ಲಾ ನಕ್ಕ ಮೇಲೆ ನಗ್ತಾನೆ. ಮಾತಾಡೋರ ಬಾಯಿ ನೋಡ್ತಾನೆ. ಗೊತ್ತಾಗ್ದಿದ್ರೆ ಹೂಂ ಅಂತಾನೆ. ಇವೆಲ್ಲ ನನ್ ಕಸುಬು ಕಣವ್ವ. ನಾನು ಮುದುಕ್ನಾದ್ಮೇಲೆ ಕಲ್ತೆ, ಅವ್ನು ಈಗ್ಲೇ ಕಲ್ತವ್ನೆ."

"ನಿಮ್ ನಾಲ್ಗೆಗೆ ಬೆಂಕಿ ಹಾಕ!" ಅಂತ ಎದ್ದುಹೋದಳು. ಕಡಲೆಕಾಯಿಯ ಮೊರ ಅಲ್ಲೇ ಉಳಿಯಿತು.

ಆದರೆ ಮಾತು ಒಳಗೆ ನಾಟಿತ್ತು. ಭಾನುವಾರ ಮಗ ಹಿತ್ತಲಲ್ಲಿ ಸೈಕಲ್ ಚೈನಿಗೆ ಎಣ್ಣೆ ಬಿಡುತ್ತ ಬೆನ್ನು ಹಾಕಿ ಕೂತಿದ್ದ. ಪುಟ್ಟಗಂಗಮ್ಮ ಅವನ ಹಿಂದೆ ಹೋಗಿ ನಿಂತಳು. ಮಾಮೂಲಿ ದನಿಯಲ್ಲಿ ಅಂದಳು. "ಧಾಮಾ, ಕೆರೆ ಮೀನು ತಂದಿದೀನಿ. ಹುಳಿ ಮಾಡಿದೀನಿ."

ಚಿಕ್ಕಂದಿನಿಂದ ಆ ಮಾತಿಗೆ ಎಲ್ಲಿದ್ದರೂ ಓಡಿ ಬರುತ್ತಿದ್ದ ಹುಡುಗ. ಚೈನು ತಿರುಗಿಸುತ್ತಲೇ ಇದ್ದ.

ಒಂದು ಹೆಜ್ಜೆ ಹತ್ತಿರ ಹೋದಳು. "ಧಾಮಾ. ಮಗ. ಮೀನು ಕಣ್ಲಾ." ಕೈ ಎತ್ತಿ ಬಳೆ ಅಲ್ಲಾಡಿಸಿದಳು. ಅವನು ಬಗ್ಗಿ ಪೆಡಲ್ ಒರೆಸಿದ. ಅವಳ ನೆರಳು ಚಕ್ರದ ಮೇಲೆ ಬಿದ್ದಾಗ ಬೆಚ್ಚಿ ತಿರುಗಿದ.

"ಏನವ್ವ, ಸುಮ್ನೆ ನಿಂತಿದೀಯ?"

"ಏನಿಲ್ಲ," ಅಂದಳು. "ಏನಿಲ್ಲ ಕಣಪ್ಪ." ಒಲೆಯ ಮುಂದೆ ಹೋಗಿ ಕೂತವಳಿಗೆ ಹುಳಿ ಉಕ್ಕಿದ್ದೂ ತಿಳಿಯಲಿಲ್ಲ.

ಆಮೇಲೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಆಯಿತು. ಕುಣಿಗಲ್ಲಿನಲ್ಲಿ ಯಾರೋ ಕಿವಿಗೆ ಸೊಪ್ಪಿನ ರಸ ಬಿಡುತ್ತಾರೆ ಅಂತ ವೆಂಕಟರಂಗಯ್ಯ ತನ್ನ ಬಸ್ಸಿನಲ್ಲೇ ಮಗನನ್ನು ಕರೆದುಕೊಂಡು ಹೋದ. ರಸ ಬಿಟ್ಟರು, ಕಿವಿ ಉರಿಯಿತು, ಅಷ್ಟೆ. ಕೊನೆಗೆ ಪುಟ್ಟಗಂಗಮ್ಮ ಅವನನ್ನು ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ಕಬ್ಬಿಣದ ಕವಲು ಕಡ್ಡಿಯೊಂದನ್ನು ತಟ್ಟಿ ಅವನ ಕಿವಿಯ ಹತ್ತಿರ ಹಿಡಿದರು, ತಲೆಬುರುಡೆಗೆ ಒತ್ತಿ ಹಿಡಿದರು, ಏನೇನೋ ಕೇಳಿದರು. ಆಮೇಲೆ ಅವಳ ಕಡೆ ತಿರುಗಿ ಕೂತರು. ರಂಗಧಾಮ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

"ಒಳಗಿನ ನರ ಹೋಗಿದೆಯಮ್ಮ. ಜೋರು ಸದ್ದಿನಿಂದ ಹೀಗಾಗೋದು. ಮೊದಲು ಹೋಗೋದು ಕಿರಿಚೋ ಅಂಥ ಎತ್ತರದ ದನಿ. ಆಮೇಲೆ ಮಾತು. ದಪ್ಪ ಸದ್ದು ಕೊನೆಗೆ."

"ಅದೇ ಸ್ವಾಮಿ, ನಾನೂ ಬಡ್ಕೊಂಡಿದ್ದು! ಹಗಲೂ ರಾತ್ರಿ ಆ ಟೇಪ್ ರೆಕಾರ್ಡರು..."

"ದಿನಕ್ಕೆ ಎಷ್ಟು ಹೊತ್ತು ಹಾಕ್ತಾನೆ?"

"ಊಟಕ್ ಮುಂಚೆ ಒಂದರ್ಧ ಗಂಟೆ. ಈಗ ಅದೂ ಇಲ್ಲ. ಟ್ರಂಕಿಗೆ ಹಾಕಿ ಬೀಗ ಹಾಕಿದೀನಿ."

"ಕೆಲಸ ಏನು?"

"ಪ್ರೆಸ್ಸು ಸ್ವಾಮಿ. ಪವರ್ ಪ್ರೆಸ್ಸು."

"ಅದರ ಮುಂದೆ ಎಷ್ಟು ಹೊತ್ತು ನಿಲ್ತಾನೆ?"

"ಎರಡು ಶಿಫ್ಟು," ಅಂದಳು ಪುಟ್ಟಗಂಗಮ್ಮ ಸಣ್ಣಗೆ. ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ಹೋಗಿದ್ದು ಬರಲ್ಲ. ಅದಕ್ಕೆ ಔಷಧಿ ಇಲ್ಲ. ಇರೋದನ್ನ ಉಳಿಸ್ಕೋಬೇಕಾದ್ರೆ ಆ ಮಿಷನ್ ಬಿಡಿಸಿ."

ಹೊರಗೆ ಬಂದ ಮೇಲೆ ರಂಗಧಾಮ ಕೇಳಿದ. "ಏನಂದ್ರವ್ವ ಡಾಕ್ಟ್ರು?"

ಅವಳು ಅವನ ಮುಖದ ಎದುರಿಗೆ ನಿಂತು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. "ಕಿವೀಲಿ ಗುಗ್ಗೆ ಅಂತೆ. ಕರಗ್ತದಂತೆ."

"ನಾನೂ ಅದೇ ಅನ್ಕೊಂಡಿದ್ದೆ," ಅಂತ ನಕ್ಕ. "ಗುಗ್ಗೆ ಕರಗೋ ಹೊತ್ಗೆ ತಾತನೂ ಬರ್ತಾನೆ."

*

ಮಾರನೆಯ ದಿನ ಅವಳು ಯಾರಿಗೂ ಹೇಳದೆ ಹಿರೇಹಳ್ಳಿ ಬಸ್ ಹತ್ತಿದಳು. ಗೇಟಿನವನನ್ನು ಕಾಡಿ ಬೇಡಿ ಶೆಡ್ಡಿನ ಬಾಗಿಲವರೆಗೆ ಹೋದಳು. ನೆಲ ಅಂಗಾಲಿನಿಂದ ಎದೆಯವರೆಗೆ ಗುದ್ದುತ್ತಿತ್ತು. ಹಾರ ಹಾಕಿಸಿಕೊಂಡು ತೆಪ್ಪಗೆ ನಿಂತಿದ್ದ ತಾಯಿ ಇವಳೇನಾ? ಸಾಲಾಗಿ ನಿಂತ ಮಿಷನ್ನುಗಳು ಬಾಯಿ ತೆರೆದು ಮುಚ್ಚುತ್ತಿದ್ದವು, ಒಂದೊಂದು ಸಲಕ್ಕೂ ತಲೆಯೊಳಗೆ ಸುತ್ತಿಗೆಯ ಏಟು. ಎರಡೂ ಕಿವಿ ಮುಚ್ಚಿಕೊಂಡಳು. ಮುಚ್ಚಿದರೂ ನಿಲ್ಲಲಿಲ್ಲ. ದೂರದಲ್ಲಿ ಮಗನ ಬೆನ್ನು ಕಂಡಿತು. ತಗಡು ಇಡುವುದು, ಕೈ ತೆಗೆಯುವುದು, ತಗಡು ಇಡುವುದು. ಅವನು ಕಿವಿ ಮುಚ್ಚಿಕೊಂಡಿರಲಿಲ್ಲ. ಅವನ ಕೈ ಖಾಲಿ ಇರಲಿಲ್ಲ.

ಫೋರ್ಮನ್ ಮಹಾದೇವಯ್ಯ ಅವಳನ್ನು ಹೊರಗೆ ಬೇವಿನ ಮರದ ಕೆಳಗೆ ಕರೆತಂದ. ಅವಳು ಹೇಳತೊಡಗಿದಾಗ ಕೈ ಅಡ್ಡ ಹಿಡಿದ. "ಈ ಕಡೆ ಬನ್ನಿ. ನನ್ನ ಆ ಕಿವಿ ಹೋಗಿ ವರ್ಷಗಳಾದ್ವು."

ಪುಟ್ಟಗಂಗಮ್ಮ ಇನ್ನೊಂದು ಪಕ್ಕಕ್ಕೆ ಬಂದು ನಿಂತಳು. "ಬೇರೆ ಎಲ್ಲಾದ್ರೂ ಹಾಕಿ ಸ್ವಾಮಿ. ಪ್ಯಾಕಿಂಗು, ಸ್ಟೋರು, ಕಸ ಗುಡ್ಸೋಕಾದ್ರೂ ಸೈ."

"ಪ್ರೆಸ್ಸಿಗೆ ಅಂತ ತಗೊಂಡಿರೋ ಹುಡುಗ. ಬೇರೆ ಕಡೆ ಜಾಗ ಇಲ್ಲ. ಕಾರಣ ಬರೆದು ಕೊಟ್ರೆ ಕಿವಿ ವಿಷ್ಯ ಮೇಲಕ್ಕೆ ಹೋಗುತ್ತೆ. ಮೆಡಿಕಲ್ ಟೆಸ್ಟಲ್ಲಿ ಹೊಡೆದಾಕ್ತಾರೆ. ಪರ್ಮನೆಂಟೂ ಇಲ್ಲ, ಈ ಕೆಲಸಾನೂ ಇಲ್ಲ." ಅವನೂ ಕೆಟ್ಟ ಮನುಷ್ಯ ಅಲ್ಲ. "ನೀವು ಬಂದೇ ಇಲ್ಲ ಅನ್ಕೋತೀನಿ. ನಡೀರಿ ತಾಯಿ."

"ಕಿವಿಗೆ ಹತ್ತಿನಾದ್ರೂ..."

"ಹತ್ತಿ ಇಟ್ರೆ ನಾನು ಕೂಗಿದ್ದು ಕೇಳಲ್ಲ. ಕೈ ಹೋದ್ರೆ ಯಾರು ಜವಾಬ್ದಾರಿ?"

ಆ ವಾರದ ಕೊನೆಗೆ ಮನೆಯಲ್ಲಿ ಜಗಳ ಹತ್ತಿತು. ಚಪಾತಿ ಲಟ್ಟಿಸುತ್ತಿದ್ದವಳು ಲಟ್ಟಣಿಗೆ ನೆಲಕ್ಕೆ ಕುಕ್ಕಿ ಎಲ್ಲವನ್ನೂ ಹೇಳಿಬಿಟ್ಟಳು. ಅಪರೂಪಕ್ಕೆ ವೆಂಕಟರಂಗಯ್ಯ ಬಾಯಿ ಬಿಟ್ಟ.

"ಬಿಡ್ಸಿಬಿಡಾಣ ಕಣೇ. ಕೂಲಿ ಮಾಡ್ಲಿ, ನಮ್ ಬಸ್ಸಲ್ಲಿ ಕ್ಲೀನರ್ ಆಗ್ಲಿ."

"ಕ್ಲೀನರ್! ಹಿಂದೆ ಹೋಲ್ಡಾನ್ ಅಂದ್ರೆ ಕೇಳಿಸ್ತದಾ ಅವ್ನಿಗೆ? ಚಕ್ರದ್ ಕೆಳಗೆ ಹೋಯ್ತಾನೆ. ನಿಟ್ಟೂರೋರಿಗೆ ಏನ್ ಹೇಳ್ತೀರಾ? ಕೆಲ್ಸ ಬಿಟ್ಟ ಕಿವುಡ ಬಾಮೈದ ಅಂತನಾ?"

"ನಂಗೆ ಮದ್ವೆ ಬೇಡ," ಅಂದಳು ಜಲಜ.

"ಬಾಯ್ಮುಚ್ಚು! ಮದ್ವೆ ಬೇಡಾ ಅಂದ್ರೆ ಅವ್ನ ಕಿವಿ ಬರ್ತದಾ?"

"ಹಂಗಾರೆ ಏನ್ ಮಾಡಾಣ ಹೇಳೇ!" ವೆಂಕಟರಂಗಯ್ಯ ಬಸ್‌ಸ್ಟ್ಯಾಂಡಿನ ದನಿಯಲ್ಲೇ ಕಿರುಚಿದ. "ಎರಡನೇ ಶಿಫ್ಟಿಗೆ ತಳ್ದೋಳು ನೀನೇ! ಹಾಡು ಹಾಡು ಅಂತ ಬಡ್ಕೊಂಡೋಳೂ ನೀನೇ!"

"ಹೂಂ, ನಾನೇ! ಕಾಲಿಗ್ ಬಿದ್ದು ಕೆಲ್ಸ ಕೊಡ್ಸಿದೋಳೂ ನಾನೇ! ನೀವೇನ್ ಮಾಡಿದ್ರಿ, ಟಿಕೆಟ್ ಹರ್ಕೊಂಡು ಕುಂತಿದ್ರಿ!"

ದೊಡ್ಡರಂಗಯ್ಯ ಕೈ ಎತ್ತಿ ಹೊಸಿಲ ಕಡೆ ತೋರಿಸಿದ. ಎಲ್ಲರೂ ನೋಡಿದರು. ರಂಗಧಾಮ ಹೊಸಿಲ ಮೇಲೆ ಅವರಿಗೆ ಬೆನ್ನು ಹಾಕಿ ಕೂತು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದ. ಅಷ್ಟು ಹೊತ್ತೂ ಅಲ್ಲೇ ಇದ್ದ. ಬ್ರಷ್ಷು ಒಂದೇ ಸಮನೆ ಓಡುತ್ತಿತ್ತು. ಪಾಲಿಶ್ ಮುಗಿಸಿ, ಬೂಟು ಬೆಳಕಿಗೆ ಹಿಡಿದು ನೋಡಿ, ಒಳಗೆ ತಿರುಗಿದ. ಎಲ್ಲರ ಮುಖ ಕಂಡು ನಕ್ಕ.

"ಏನು, ಇನ್ನೂ ಚಪಾತಿ ಆಗಿಲ್ವಾ?"

*

ದೀಪಾವಳಿಯ ಪಟಾಕಿ ವಾಸನೆ ಇನ್ನೂ ಬೀದಿಯಲ್ಲಿ ಇದ್ದಾಗಲೇ ಕೂದ್ಲೋರ ಎಲ್‌ಪಿ ತಟ್ಟೆ ಬಂತು. ಗುಬ್ಬಿಯ ಬೋರ ಅಂಗಡಿಯ ಸೈಕಲ್ಲಿನಲ್ಲಿ ಮನೆಯವರೆಗೆ ಬಂದು ಕೂಗಿದ. "ಧಾಮಣ್ಣಾ, ತಾತ ಬಂದವ್ನೆ ಬಾರೋ!" ಪುಟ್ಟಗಂಗಮ್ಮ ಒಳಗೆ ಹೋಗಿ ಮಗನ ಭುಜ ತಟ್ಟಿದಳು. ಅವನು ಅಂಗಿ ಗುಂಡಿ ಹಾಕಿಕೊಳ್ಳುತ್ತಲೇ ಓಡಿದ. ಅವಳೂ ಹಿಂದೆ ಹೊರಟಳು. ಯಾಕೆ ಅಂತ ಅವಳಿಗೇ ಗೊತ್ತಿರಲಿಲ್ಲ. ಸೊಪ್ಪು ತರಬೇಕು ಅಂತ ಜಲಜಳಿಗೆ ಹೇಳಿದಳು.

ಅಂಗಡಿಯ ಮುಂದೆ ಹಾಸ್ಟೆಲಿನ ಹುಡುಗರು ಗುಂಪುಗಟ್ಟಿದ್ದರು. ಸುಬ್ಬಕೃಷ್ಣ ಪೂಜಾರಿಯ ಹಾಗೆ ಎರಡೂ ಅಂಗೈಯಲ್ಲಿ ತಟ್ಟೆ ಹಿಡಿದು, ಊದಿ, ಇಟ್ಟ. "ಯಾರೂ ಉಸಿರು ಬಿಡಬೇಡ್ರಪ್ಪ. ಧಾಮನ ಕ್ಯಾಸೆಟ್ಟು ಮೊದಲು. ಒಂದ್ ಕಡೆ ತುಂಬ್ಕೋತಾ ಇರುತ್ತೆ, ನೀವು ಕೇಳ್ತಾ ಇರಿ."

ಶುರುವಾಯಿತು. ಕಂಬಕ್ಕೆ ಒರಗಿ ನಿಂತ ಪುಟ್ಟಗಂಗಮ್ಮನಿಗೆ ಎದೆಯೊಳಗೆ ಮತ್ತೆ ಆ ಶೆಡ್ಡಿನ ಗುದ್ದು. ರಂಗಧಾಮ ಸ್ಪೀಕರಿನ ಎದುರಿಗೆ ನಿಂತಿದ್ದ. ಕಾಲು ತಾಳಕ್ಕೆ ಸರಿಯಾಗಿ ಕುಣಿಯುತ್ತಿತ್ತು, ಮುಖ ಅರಳಿತ್ತು. ತಮಟೆಯ ಸದ್ದು ಅವನಿಗೆ ಕೇಳುತ್ತಿದೆ ಅಂತ ಅವಳಿಗೆ ಅಷ್ಟರಲ್ಲೇ ಆಸೆ ಹುಟ್ಟಿತು. ಡಾಕ್ಟರಿಗೆ ಏನು ಗೊತ್ತು?

ಆಗ ತಾತ ಕೂಗಿದ.

ಎಂಥ ಕೂಗು! ಅಂಗಡಿಯ ಗಾಜಿನ ಬೀರು ಝಣ್ ಅಂದಿತು. ರಸ್ತೆಯಲ್ಲಿ ಹೋಗುತ್ತಿದ್ದ ಜಟಕಾದ ಕುದುರೆ ತಲೆ ಎತ್ತಿತು. ಬೋರ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದ. ಹಾಸ್ಟೆಲಿನ ಹುಡುಗನೊಬ್ಬ ಇನ್ನೊಬ್ಬನನ್ನು ಅಪ್ಪಿಕೊಂಡ. ಕೂಗು ಮೇಲೆ ಮೇಲೆ ಹೋಯಿತು, ಇಳಿಯಲೇ ಇಲ್ಲ.

ರಂಗಧಾಮನ ಕಾಲು ಮಾತ್ರ ತಾಳ ಹಾಕುತ್ತಿತ್ತು. ಅವನು ಕತ್ತು ಮುಂದಕ್ಕೆ ಚಾಚಿ, ಕಾಯುತ್ತಿದ್ದ. ಕಾದೇ ಕಾದ.

"ಪಾಪ ಕಣ್ರೋ," ಅಂದ. "ನೀನ್ ಹೇಳಿದ್ದೇ ಸರಿ ಬೋರ. ತಾತನ ಗಂಟ್ಲು ಹೋಗೈತೆ. ಬಾಯೇ ಬಿಡ್ತಿಲ್ಲ."

ತಾತ ಇನ್ನೂ ಕೂಗುತ್ತಲೇ ಇದ್ದ.

ಬೋರ ಕಣ್ಣು ಬಿಟ್ಟ. ಹುಡುಗರು ಒಬ್ಬೊಬ್ಬರಾಗಿ ಅವನ ಕಡೆ ತಿರುಗಿದರು. ಸುಬ್ಬಕೃಷ್ಣ ಸದ್ದು ತಗ್ಗಿಸಲು ಕೈ ಚಾಚಿ, ಹಿಂದಕ್ಕೆ ಎಳೆದುಕೊಂಡ. ರಂಗಧಾಮ ಒಬ್ಬೊಬ್ಬರ ಮುಖವನ್ನೂ ನೋಡಿದ. ಮುಖ ಓದುವುದರಲ್ಲಿ ಅವನು ಪಳಗಿದ್ದ. ಬೋರನ ತೋಳಿನ ಮೇಲೆ ಇನ್ನೂ ನಿಮಿರಿ ನಿಂತಿದ್ದ ರೋಮ ನೋಡಿದ. ಗಾಜಿನ ಬೀರುವಿನ ಮೇಲೆ ಅಂಗೈ ಇಟ್ಟು ನೋಡಿದ. ಕೊನೆಗೆ ಕಂಬದ ಹತ್ತಿರ ನಿಂತಿದ್ದ ಅವ್ವನನ್ನು ನೋಡಿದ.

"ಗುಗ್ಗೆ ಅಲ್ಲ, ಅಲ್ವಾ?" ಅಂದ.

ಪುಟ್ಟಗಂಗಮ್ಮ ಅವನಿಗೆ ಕಾಣುವ ಹಾಗೆ ಅಲ್ಲ ಅಂತ ತಲೆಯಾಡಿಸಿದಳು.

*

ಮನೆಗೆ ಬಂದು ಅವಳೇ ಟ್ರಂಕಿನ ಬೀಗ ತೆಗೆದು ಟೇಪ್ ರೆಕಾರ್ಡರನ್ನು ಅವನ ಮುಂದೆ ಇಟ್ಟಳು. ರಂಗಧಾಮ ಅದನ್ನು ಒರೆಸಿ, ಹೊಸ ಕ್ಯಾಸೆಟ್ ಹಾಕಿ, ಸದ್ದಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ. ಲೋಟಗಳು ಕಿಣಿಕಿಣಿ ಅಂದವು. ಅಲಮೇಲಮ್ಮ ಬಾಗಿಲಿಗೆ ಬಂದೇಬಿಟ್ಟಳು.

"ಏನ್ರೀ ಗಂಗಮ್ಮ ಇದು, ಮತ್ತೆ ಶುರುವಾಯ್ತಾ? ನಂಗೆ ತಲೆ ಸಿಡೀತಿದೆ ಕಣ್ರಿ!"

"ಇವತ್ತೊಂದ್ ದಿನ ತಡ್ಕಳಿ ಮೇಡಮ್ಮೋರೆ. ಹತ್ತಿ ಬೇಕಾದ್ರೆ ಕೊಡ್ತೀನಿ, ಕಿವಿಗ್ ಇಟ್ಕಳಿ," ಅಂತ ಅವಳ ಮುಖದ ಮೇಲೆ ಬಾಗಿಲು ಹಾಕಿ, ಬಂದು ಮಗನ ಎದುರಿಗೆ ಚಕ್ಕಳಮಕ್ಕಳ ಕೂತಳು.

"ತಾತ ಕೂಗ್ತಾವ್ನಾ?" ಅಂತ ಕೇಳಿದ.

ಇಷ್ಟು ವರ್ಷ ಆ ಸದ್ದನ್ನು ಬೈದಿದ್ದಳೇ ಹೊರತು ಕೇಳಿರಲಿಲ್ಲ. ಈಗ ಕೇಳಿದಳು. "ಕೂಗ್ತಾವ್ನೆ ಕಣಪ್ಪ."

"ಹೆಂಗೆ ಹೇಳವ್ವ. ಮೆಲ್ಲಕೆ ಹೇಳು, ಬಾಯಿ ಕಾಣ್ಲಿ."

ಅವಳು ಯೋಚಿಸಿದಳು. "ನಮ್ಮೂರ ಬಾವಿ ರಾಟೆ ಇತ್ತಲ್ಲ, ಎಣ್ಣೆ ಇಲ್ದೆ ಕಿರ್ರಂತಿತ್ತಲ್ಲ, ಹಂಗೆ ಸುರುವಾದ. ಮೇಲಕ್ ಹೋದ. ಇನ್ನೂ ಮೇಲಕ್ ಹೋದ. ಈಗ... ಈಗ ಅಲ್ಲೇ ನಿಂತವ್ನೆ. ಉಸಿರು ತಗೊಂಡಿಲ್ಲ."

"ಇನ್ನೂ?"

"ಇನ್ನೂ ತಗೊಂಡಿಲ್ಲ. ಮುದುಕ್ನಿಗೆ ಅದೆಂಥ ಎದೆನೋ."

ರಂಗಧಾಮ ಅವಳ ತುಟಿಯನ್ನೇ ನೋಡುತ್ತ ತಲೆದೂಗಿದ. "ನಾನೇ ಗೆದ್ದೆ," ಅಂದ. "ಬೋರ ಸೋತ."

ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿಯಿತು. ಅವನು ತಿರುವಿ ಹಾಕಿ, ಗಡಿಯಾರ ನೋಡಿ ಎದ್ದ. ಹಬ್ಬಕ್ಕೆ ಮೊದಲ ಶಿಫ್ಟಿಗೆ ಮಾತ್ರ ರಜೆ, ಸೆಕೆಂಡ್ ಶಿಫ್ಟಿಗೆ ಹೊತ್ತಾಗಿತ್ತು. ಹೋಗಬೇಡ ಅನ್ನುವ ಮಾತು ಅವಳ ಬಾಯಿಯವರೆಗೆ ಬಂತು. ಒಳಗೆ ಜಲಜ ಅಕ್ಕಿ ಆರಿಸುತ್ತಿದ್ದಳು, ಜಗುಲಿಯಲ್ಲಿ ಮುದುಕ ಕೆಮ್ಮುತ್ತಿದ್ದ. ಟಿಫಿನ್ ಕ್ಯಾರಿಯರ್‌ಗೆ ಚಿತ್ರಾನ್ನ ತುಂಬಿದಳು. ದೇವರ ಮುಂದಿನ ಡಬ್ಬಿಯಿಂದ ಹತ್ತಿ ಕಿತ್ತು, ಬತ್ತಿ ಹೊಸೆಯುವ ಹಾಗೆ ಹೊಸೆದು, ಎರಡು ಉಂಡೆ ಮಾಡಿ ಅವನ ಅಂಗಿ ಜೇಬಿಗೆ ಹಾಕಿದಳು.

"ಫೋರ್ಮನ್ ಬೈತಾರವ್ವ."

"ಬೈಲಿ ಬುಡು."

"ಹೂಂ, ಬೈಲಿ. ಬೈದ್ರೆ ನಂಗೇನ್ ಕೇಳಿಸ್ತದಾ?" ಅಂತ ನಗುತ್ತ ಬೂಟು ಮೆಟ್ಟಿ ಹೊರಟ.

ಅವಳು ಬಾಗಿಲವರೆಗೆ ಬಂದಳು. ದಿನಾ ಅನ್ನುವ ಹಾಗೆಯೇ, "ಹುಷಾರು ಕಣ್ಲಾ," ಅಂದಳು. ಅವನು ಹಿಂತಿರುಗಲಿಲ್ಲ. ಸೈಕಲ್ ಹತ್ತಿ ಬಿ.ಎಚ್. ರೋಡಿನ ಕಡೆ ತಿರುಗಿದ. ಹಿಂದಿನಿಂದ ಬಂದ ಲಾರಿ ಹಾರ್ನ್ ಹೊಡೆಯಿತು, ಮತ್ತೆ ಹೊಡೆಯಿತು, ಆಮೇಲೆ ಅದೇ ಅವನನ್ನು ಬಳಸಿಕೊಂಡು ಹೋಯಿತು.

ಒಳಗೆ ತಾತ ಇನ್ನೂ ಕೂಗುತ್ತಿದ್ದ. ನಿಲ್ಲಿಸುವ ಗುಂಡಿ ಯಾವುದು ಅಂತ ಪುಟ್ಟಗಂಗಮ್ಮನಿಗೆ ಗೊತ್ತಿರಲಿಲ್ಲ. ಅವಳಿಗೆ ಪ್ಲಗ್ಗು ಕಿತ್ತೇ ಅಭ್ಯಾಸ. ಪ್ಲಗ್ಗಿನ ಹತ್ತಿರ ಹೋದಳು, ಕೈ ಚಾಚಿದಳು. ಕೀಳಲಾಗಲಿಲ್ಲ. ಅಲ್ಲೇ ಗೋಡೆಗೆ ಒರಗಿ ಕುಸಿದು ಕೂತು, ಕ್ಯಾಸೆಟ್ಟು ತಾನೇ ಟಕ್ ಅಂತ ನಿಲ್ಲುವವರೆಗೂ ಕೇಳಿದಳು.